ಕಿರುಗುಟ್ಟಿದ ಬ್ರೇಕಿಗೆ ಎರಡು ಹನಿ ಎಣ್ಣೆ

ಒಂದಾನೊಂದು ಕಾಲದಲ್ಲಿ, ಅಂದರೆ ತೀರಾ ಹಿಂದೆಯೇನಲ್ಲ, ತಂಗಿಯ ತಲೆ ಅಕ್ಕನ ಭುಜ ಮುಟ್ಟಿದ ವರ್ಷ, ಇಳಿಜಾರು ಬೀದಿಯ ಮನೆಯೊಂದರಲ್ಲಿ ಒಂದು ಕುದುರೆಯಿತ್ತು. ಹುಲ್ಲು ಮೂಸದ, ಕೆಸರನ್ನೇ ಮೇಯುವ ಕುದುರೆ. ಅದು ಅಕ್ಕನ ಬೆಟ್ಟ ಹತ್ತುವ ಸೈಕಲ್. ಅಕ್ಕ ಹೊಸದನ್ನು ಕೊಳ್ಳುವವಳಿದ್ದಳು. ಹಳೆಯದರ ಮೇಲೆ ತಂಗಿ ಗುಬ್ಬಿಗೆ ಕಣ್ಣು.

"ಓಡಿಸೋದು ಎಲ್ರಿಗೂ ಬರುತ್ತೆ ಕಣೇ, ತೊಳೆಯೋದು ಬರಲ್ಲ," ಎಂದಳು ಅಕ್ಕ. "ಇವತ್ತು ಕಾಡುದಾರಿ ಸುತ್ತಿಸ್ಕೊಂಡು ಬಾ. ನಾನು ಕೆಲಸ ಮುಗಿಸಿ ಬರೋಷ್ಟರಲ್ಲಿ ತೊಳೆದು, ಒರೆಸಿ, ಮತ್ತೆ ಬೆಟ್ಟಕ್ಕೆ ಹೋಗೋ ಹಾಗೆ ಮಾಡಿಟ್ಟಿದ್ರೆ ನಿಂದೇ. ಇಲ್ಲಾಂದ್ರೆ ಮಾರಿಬಿಡ್ತೀನಿ."

"ಮಾಡಿಟ್ಟಿರ್ತೀನಿ," ಎಂದು ಗುಬ್ಬಿ ಮಾತು ಕೊಟ್ಟಳು.

ಮಧ್ಯಾಹ್ನ ಹಿತ್ತಲಿಗೆ ಬಂದ ಸೈಕಲ್ಲಿನ ಬಣ್ಣ ಯಾವುದೆಂದು ದೇವರೇ ಹೇಳಬೇಕಿತ್ತು. ಪೈಪಿನ ನೀರು ರಭಸವಾಗಿ ಬಿಟ್ಟರೆ ಚಕ್ರದ ನಡುವಿನ ಗುಂಬದೊಳಕ್ಕೆ ನೀರಿಳಿಯುತ್ತದೆ ಎಂದು ಅಕ್ಕ ಸಾವಿರ ಸಲ ಹೇಳಿದ್ದಳು. ಹಾಗಾಗಿ ಗುಬ್ಬಿ ಮಗುವಿಗೆ ನೀರೆರೆದಂತೆ ಚೊಂಬಿನಿಂದ ಸುರಿದಳು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕಿದಳು. ಗೇರಿನ ಹಲ್ಲುಗಳ ಸಂದಿನ ಕೆಸರು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

ಹೊಲಿಗೆ ಯಂತ್ರದ ಮುಂದೆ ಕುಳಿತೇ ಕಿಟಕಿಯಿಂದ ನೋಡುತ್ತಿದ್ದ ಅಮ್ಮ ಉದ್ದನೆಯ ಬಟ್ಟೆಯ ಚೂರೊಂದನ್ನು ಎಸೆದಳು. "ಸಂದಿಗೆ ತೂರಿಸಿ ಆ ಕಡೆ ಈ ಕಡೆ ಎಳಿ. ಹಲ್ಲು ತಾನೇ?"

ಎಳೆದಳು. ಕೆಸರು ಬಂತು. ಚೈನಿಗೆ ಎಣ್ಣೆಯೂ ಆಯಿತು. ಆದರೆ ಬ್ರೇಕು ಒತ್ತಿದರೆ ಕೀಂಯ್ ಎಂದು ಬೀದಿಗೆಲ್ಲ ಕೇಳುವ ಚೀತ್ಕಾರ.

"ಅಯ್ಯೋ ಪಾಪ, ಹೊಟ್ಟೆಗಿಲ್ದೆ ಅಳ್ತಿದೆ," ಎಂದು ಅಮ್ಮ ಎದ್ದು ಬಂದಳು. ಆ ಮನೆಯಲ್ಲಿ ಕದ ಅತ್ತರೂ ಎಣ್ಣೆ, ಕತ್ತರಿ ಮುನಿದರೂ ಎಣ್ಣೆ.

"ಇಲ್ಲಿ ನೋಡಮ್ಮ, ಈ ತಟ್ಟೇನೇ ಕೂಗೋದು," ಎಂದು ಗುಬ್ಬಿ ಬ್ರೇಕಿನ ಡಿಸ್ಕ್ ತೋರಿಸಿದಳು. ಅಮ್ಮ ಎರಡೂ ಚಕ್ರಗಳ ಡಿಸ್ಕಿಗೆ ಎರಡೆರಡು ಹನಿ ಬಿಟ್ಟಳು. ಸದ್ದಡಗಿತು. ತಾಯಿ ಮಗಳು ರಾಜ್ಯ ಗೆದ್ದವರಂತೆ ಮುಖ ನೋಡಿಕೊಂಡರು.

ಸಂಜೆ ಅಕ್ಕ ಬಂದು ಚೈನಿನ ಮೇಲೆ ಬೆರಳಾಡಿಸಿ "ಪರವಾಗಿಲ್ವೇ!" ಎಂದಳು. ಏರಿದಳು. ಇಳಿಜಾರಿನಲ್ಲಿ ಜರ್ರನೆ ಹೋದಳು, ಹೋದಳು, ನಿಲ್ಲಲೇ ಇಲ್ಲ. ಸೀದಾ ಪಕ್ಕದ ಮನೆಯ ಬೇಲಿ ಹೊಕ್ಕಳು.

ತಲೆತುಂಬ ಎಲೆ ಮುಡಿದುಕೊಂಡು ಹೊರಬಂದವಳು ಡಿಸ್ಕ್ ಮುಟ್ಟಿ ನೋಡಿ ಕೇಳಿದಳು: "ಇದಕ್ಕೆ ಎಣ್ಣೆ ಹಾಕಿದ ಮಹಾರಾಯ್ತಿ ಯಾರು?"

"ನಾನೇ ಕಣೇ," ಎಂದಳು ಅಮ್ಮ. "ಅಳ್ತಿತ್ತು, ಸಮಾಧಾನ ಮಾಡಿದೆ."

ಸುಮ್ಮನಿದ್ದರೆ ಗುಬ್ಬಿ ಬಚಾವಾಗುತ್ತಿದ್ದಳು. ಆದರೂ ಮುಂದೆ ಬಂದಳು. "ಜಾಗ ತೋರಿಸಿದ್ದು ನಾನು. ಅಮ್ಮಂಗೆ ಏನ್ ಗೊತ್ತು?"

ಅಕ್ಕ ಗದರಲು ಬಾಯಿ ತೆರೆದಳು. ಬಾಯೊಳಗೂ ಒಂದು ಎಲೆಯಿತ್ತು. ಉಗುಳುತ್ತಲೇ ನಗು ಬಂದುಬಿಟ್ಟಿತು. "ಅದರ ಕೆಲಸಾನೇ ಹಿಡಿಯೋದು ಕಣೇ. ಹಿಡಿಯೋ ಕೈಗೇ ಬೆಣ್ಣೆ ಸವರಿದ್ದೀರಲ್ಲ! ಇನ್ನೂ ಬೆಳಕಿದೆ. ಮಾತು ಕೊಟ್ಟವಳು ನೀನು, ಮುಗಿಸು."

ಗುಬ್ಬಿ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕಿನ ಪ್ಯಾಡುಗಳನ್ನು ಬಿಚ್ಚಿ, ಎಣ್ಣೆಯ ಹೊಳಪು ಹೋಗುವವರೆಗೂ ಸ್ಯಾಂಡ್‌ಪೇಪರಿಗೆ ಉಜ್ಜಿದಳು. ಡಿಸ್ಕನ್ನು ಸ್ಪಿರಿಟ್ಟಿನಿಂದ ಒರೆಸಿದಳು. ಬಟ್ಟೆ ಕಪ್ಪಾದಂತೆಲ್ಲ ಅಮ್ಮ ಹೊಸ ಚೂರು ಕತ್ತರಿಸಿ ಕೊಟ್ಟಳು. ಕೊನೆಗೊಂದು ಚೂರು ಬೆಳ್ಳಗೇ ಉಳಿಯಿತು.

ಮೊದಲ ಸಲ ಇಳಿದಾಗ ಬ್ರೇಕು ಅರೆಮನಸ್ಸಿನಿಂದ ಹಿಡಿಯಿತು. ಗುಬ್ಬಿ ಕಾಲೂರಿ ನಿಂತಳು.

"ಬಿಸಿಯಾಗ್ಬೇಕು ಅದು, ಆಗ್ಲೇ ಸರಿಯಾಗಿ ಹಿಡಿಯೋದು. ಇನ್ನೊಂದ್ಸಲ," ಎಂದಳು ಅಕ್ಕ.

ತಳ್ಳಿಕೊಂಡು ಹತ್ತುವುದು, ಏರಿ ಇಳಿಯುವುದು, ಒತ್ತುವುದು. ಕೆನ್ನೆ ಕೆಂಪಾಯಿತು, ಅಂಗಿ ಬೆನ್ನಿಗಂಟಿತು. ಒಂದೊಂದು ಸಲವೂ ಸೈಕಲ್ ಇಳಿಜಾರಿನಲ್ಲಿ ಮೊದಲಿಗಿಂತ ಒಂದಿಷ್ಟು ಮೇಲೆಯೇ ನಿಲ್ಲತೊಡಗಿತು. ಬೀದಿದೀಪ ಹತ್ತುವ ಹೊತ್ತಿಗೆ, ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡ ಅಮ್ಮ ಬೀದಿಯ ನಡುವೆ ಬಂದು ನಿಂತಳು.

"ಬಾರೇ, ನನ್ನ ಮುಂದೆ ನಿಲ್ಸು. ಗುದ್ದಿದ್ರೆ ಬಾಕಿ ಹೊಲಿಗೆ ಎಲ್ಲ ನಿಂದೇ!"

ಗುಬ್ಬಿ ಇಳಿದಳು. ಎರಡು ಬೆರಳಲ್ಲಿ ಒತ್ತಿದಳು. ಅಮ್ಮನಿಗಿನ್ನೂ ಮಾರು ದೂರವಿರುವಾಗಲೇ ಚಕ್ರಗಳು ಗಪ್ಪನೆ ನಿಂತವು.

ಅಕ್ಕ ಸ್ಪ್ಯಾನರ್ ತಂದು, ತಂಗಿಯನ್ನು ಇಳಿಸಿ, ಸೀಟನ್ನು ಅವಳ ಎತ್ತರಕ್ಕೆ ತಗ್ಗಿಸಿ ಬಿಗಿಮಾಡಿದಳು.