ಮೀನಿನವರ ಮನೆ

ನನ್ನ ಗಂಡನ ಹೆಸರು ಜುನ್ನೂನ್. ಯಾದಗಿರಿ, ಶಹಾಪುರ, ಸುರಪುರ ಜಾಲಾಡಿದರೂ ಈ ಹೆಸರಿನ ಇನ್ನೊಬ್ಬ ಸಿಗಲಿಕ್ಕಿಲ್ಲ. ಮನ್ಸೂರ ಎಂದು ಕೂಗಿದರೆ ಓಣಿಗೆ ನಾಲ್ವರು ತಿರುಗಿ ನೋಡುತ್ತಾರೆ. ಮೊಮ್ಮಗನಿಗೆ ಹಾಗಾಗಬಾರದೆಂದು ಯಾದಗಿರಿಯ ಅಜ್ಜ ಕುರಾನಿನಲ್ಲಿ ಹುಡುಕಿ ಇಟ್ಟ ಹೆಸರಂತೆ.

ಅದರ ಅರ್ಥ ನನಗೆ ತಿಳಿದದ್ದು ಮದುವೆಯಾದ ಮೂರನೇ ದಿನ. ನೂನ್ ಎಂದರೆ ಮೀನು, ಜುನ್ನೂನ್ ಎಂದರೆ ಮೀನಿನ ಒಡೆಯ. ಅದು ಯೂನುಸ್ ಪೈಗಂಬರರಿಗೆ ಬಂದ ಹೆಸರು. ತಮ್ಮ ಜನರ ಮೇಲೆ ಮುನಿದು ಊರು ಬಿಟ್ಟ ಅವರನ್ನು ದೊಡ್ಡ ಮೀನೊಂದು ನುಂಗಿತು. ಅದರ ಹೊಟ್ಟೆಯ ಕತ್ತಲಲ್ಲಿ ಅವರು ತಪ್ಪು ನನ್ನದೇ ಎಂದು ಒಪ್ಪಿಕೊಂಡರು. ಮೀನು ಅವರನ್ನು ದಡಕ್ಕೆ ತಂದು ಬಿಟ್ಟಿತು.

"ಇದನ್ನ ಯಾರಿಗೂ ಹೇಳಿಲ್ಲ. ನಿನಗೊಬ್ಬಾಕಿಗೇ," ಎಂದಿದ್ದ. ನಾನು ಪೆದ್ದಿ, ನಂಬಿದೆ. ಗಂಡನ ಹೆಸರು ಹೇಳುವುದು ನಮ್ಮ ಕಡೆ ಹೆಂಗಸರಿಗೆ ಸಲ್ಲದು, ಅದಕ್ಕೇ ಅವನನ್ನು 'ಮೀನಿನವರು' ಎಂದು ಕರೆಯತೊಡಗಿದೆ. ಆ ಮಾತು ನಾನು ಹುಟ್ಟಿಸಿದ್ದು. ಮನೆಯ ನಾಲ್ಕು ಗೋಡೆ ದಾಟಿ ಅದು ಎಂದೂ ಹೋಗಿರಲಿಲ್ಲ.

ಕಾಲುವೆಗೆ ನೀರು ಬಂದ ಮೇಲೆ ಅವನಿಗೆ ನಾರಾಯಣಪುರ ಡ್ಯಾಮಿನಲ್ಲಿ ಗೇಟಿನ ಕೆಲಸ ಸಿಕ್ಕಿತು. ಮೊದಲು ವಾರಕ್ಕೊಮ್ಮೆ ಶಹಾಪುರಕ್ಕೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ. ಈ ಸಲ ಮೂರು ತಿಂಗಳಾದರೂ ಸುಳಿವಿಲ್ಲ.

"ಹೋಗಿ ನೋಡಿ ಬಾರವ್ವ ಶರೀಫಾ, ಜಡ್ಡಾಗಿ ಬಿದ್ದಾನೋ ಏನೋ," ಎಂದು ಅತ್ತೆ ಖಾಸಿಂಬೀ ಕಣ್ಣೀರು ಹಾಕಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸುರಪುರದ ಬಸ್ಸು ಹತ್ತಿದೆ. ಅವನು ಜೀವಂತ ಇದ್ದರೆ ಸಾಕೆಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಬೇಡುವಾಗಲೂ ನೋಡಿ ಬೇಡಬೇಕು.

ಡ್ಯಾಮಿನ ಕ್ವಾರ್ಟರ್ಸಿನ ವಾಚ್‌ಮನ್ ಯಾರು ಬೇಕೆಂದು ಕೇಳಿದ.

"ಶಹಾಪುರದ ಗೇಟಿನ ಸಾಬ್ರು," ಎಂದೆ. ಅವನು ಮೂರನೇ ಬಾಗಿಲು ತೋರಿಸಿದ.

ಬಾಗಿಲು ತೆರೆದವಳು ಇಪ್ಪತ್ತರ ಹುಡುಗಿ. ಕೈತುಂಬ ಹಸಿರು ಬಳೆ. ಮನೆ ತಪ್ಪಿತೆಂದೇ ತಿಳಿದೆ.

"ಇದು ಯಾರ ಮನಿ ಯವ್ವಾ?"

ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ನಕ್ಕಳು. "ಹೆಸರು ಹ್ಯಾಂಗ ಹೇಳಲ್ರಿ? ಮೀನಿನವರ ಮನಿ ಅನ್ರಿ."

ಬುತ್ತಿಯ ಗಂಟನ್ನು ಕೆಳಗಿಟ್ಟೆ. "ಹಂಗನ್ನೂದು ಯಾರು ಕಲಿಸಿದ್ರು?"

"ಅವರೇ ರೀ. ನಿಕಾ ಆಗಿ ಎಂಟು ತಿಂಗಳಾತು. ಅದರ ಅರ್ಥ ನಿನಗೊಬ್ಬಾಕಿಗೇ ಹೇಳೀನಿ ಅಂದಾರ." ತನ್ನ ಹೆಸರು ಆಮೀನಾ ಎಂದು ಹೇಳಿ, ಕುಡಿಯಲು ನೀರು ಕೊಟ್ಟಳು. ಒಳ್ಳೆಯ ಹುಡುಗಿ.

ಎರಡನೇ ಮದುವೆಯನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನಾನು ಹುಟ್ಟಿಸಿದ ಮಾತನ್ನು ಒಯ್ದು ಇವಳ ಬಾಯಲ್ಲಿ ಇಟ್ಟಿದ್ದ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ.

ಅಷ್ಟರಲ್ಲಿ ಅವನೇ ಸೈಕಲ್ಲಿಂದ ಇಳಿದ. ಜಡ್ಡಿಲ್ಲ ಬೇನೆಯಿಲ್ಲ, ಮೈ ತುಂಬಿಕೊಂಡಿದ್ದ. ನನ್ನನ್ನು ಕಂಡದ್ದೇ ಮುಖ ಬಿಳಿಚಿತು.

"ಇವರು ಯಾರ್ರಿ?" ಆಮೀನಾ ಕೇಳಿದಳು.

"ನಮ್ಮ ಊರಾಕಿ. ಅವ್ವ ಬುತ್ತಿ ಕೊಟ್ಟು ಕಳಿಸ್ಯಾಳ."

ಹನ್ನೊಂದು ವರ್ಷ ಅವನ ಮನೆಯ ಒಲೆ ಉರಿಸಿದವಳು ಈಗ ಊರಾಕಿ.

"ಜುನ್ನೂನ್," ಎಂದೆ. "ನಿಮ್ಮಜ್ಜ ಎಂಥವರ ಹೆಸರು ನಿನಗಿಟ್ಟ. ಅವರು ಮೀನಿನ ಹೊಟ್ಯಾಗ ಕುಂತು ತಪ್ಪು ಒಪ್ಪಿಕೊಂಡ್ರು. ನೀ ಬಿಸಿಲಾಗ ನಿಂತು ಒಪ್ಪಿಕೋ. ನಾ ನಿನಗ ಯಾರು?"

ಅವನು ಸೈಕಲ್ಲಿನ ಗಂಟೆಯನ್ನು ಒರೆಸುತ್ತ ನಿಂತ. ಆಮೀನಾ ನನ್ನ ಕೊರಳಿನ ಕರಿಮಣಿ ನೋಡಿದಳು, ಆಮೇಲೆ ತನ್ನದನ್ನು ಮುಟ್ಟಿಕೊಂಡಳು. ಎರಡೂ ಒಂದೇ ಥರದ್ದು.

"ಜುನ್ನೂನ್," ಎಂದಳು ಅವಳೂ. "ಅಕ್ಕ ಕೇಳಾಕತ್ತಾಳ. ಹೇಳು."