ಮೊಸಳೆಯ ನಾಲ್ಕನೆಯ ಚಪ್ಪಲಿ

ಮಕ್ಕಳ ಪುಸ್ತಕವನ್ನು ಯಾರಾದರೂ ಒಂದು ಮಡಿಕೆಯೂ ಬೀಳದಂತೆ ವಾಪಸು ತಂದರೆ ನನಗೆ ಮೈ ಉರಿಯುತ್ತದೆ. ಓದಿದ ಪುಸ್ತಕಕ್ಕೆ ಅಂಟು ಕೈ ತಾಗಿರಲೇಬೇಕು. ಇಪ್ಪತ್ತಾರು ವರ್ಷ ಲೈಬ್ರರಿಯ ಕೌಂಟರಿನಲ್ಲಿ ಕೂತವಳಿಗೆ ಚಳ್ಳೆಹಣ್ಣು ತಿನ್ನಿಸಲು ಯಾರಿಂದಲೂ ಆಗುವುದಿಲ್ಲ.

ಒಬ್ಬ ಲಾರಿ ಡ್ರೈವರ್ ಮೂರನೆಯ ಸಲವೂ ಹಾಗೇ ತಂದಾಗ ಬೈದೇಬಿಟ್ಟೆ. "ಮಗಳಿಗೆ ಅಂತ ತಗೊಂಡು ಹೋಗ್ತೀರಿ, ತೆಗೆದೂ ನೋಡಲ್ಲ. ಏನ್ರೀ, ಶೋಕೇಸಲ್ಲಿ ಇಡ್ತೀರಾ?"

"ಅವಳು ನನ್ನ ಹತ್ರಾನೇ ಬರಲ್ಲ ಮೇಡಂ."

ಹೆಂಡತಿ ಇವನನ್ನು ಬಿಟ್ಟು ಬೇರೆ ಮದುವೆಯಾಗಿದ್ದಳಂತೆ. ಮಗಳಿಗೆ ಆರು ವರ್ಷ. ಕೋರ್ಟು ಕೊಟ್ಟಿದ್ದು ಭಾನುವಾರ ಒಂದೇ ಗಂಟೆ, ಅದೂ ಕೋರ್ಟೇ ಗೊತ್ತು ಮಾಡಿದ ಕೋಣೆಯಲ್ಲಿ. ಮಗು ಆ ಗಂಟೆಯಿಡೀ ಕಿಟಕಿಯ ಬಳಿ ನಿಂತಿರುತ್ತದೆ.

"ಈ ಭಾನುವಾರಾನೇ ಕೊನೆ. ಆಮೇಲೆ ಅವರು ದೂರದ ಊರಿಗೆ ಹೋಗ್ತಾರೆ. ಒಂದ್ಸಲ ಪಕ್ಕದಲ್ಲಿ ಕೂತ್ಕೊಂಡು ಅಪ್ಪಾ ಅಂದ್ರೆ ಸಾಕು. ಅಂಥ ಪುಸ್ತಕ ಇದ್ರೆ ಕೊಡಿ."

ನನ್ನ ಬಾಯಿಗಿಷ್ಟು ಮಣ್ಣು ಹಾಕ! ಡ್ರಾಯರಿನಿಂದ ನನ್ನ ಅಚ್ಚುಮೆಚ್ಚಿನ ಪುಸ್ತಕ ತೆಗೆದೆ. ನಾಲ್ಕನೆಯ ಚಪ್ಪಲಿ ಹುಡುಕುವ ಮೊಸಳೆಯ ಕತೆ. ಆರು ವರ್ಷದ ಮಗು ಅಂತ ಯಾರು ಬಂದರೂ ನಾನು ಕೊಡುವುದು ಅದನ್ನೇ. ಮೊಸಳೆಗೆ ನಾನೇ ಕಟ್ಟಿದ ದನಿಯನ್ನೂ ಹೇಳಿಕೊಟ್ಟೆ. ಪೇಪರ್ ಓದುತ್ತಿದ್ದವರು ಬಿದ್ದು ಬಿದ್ದು ನಕ್ಕರೂ ಆ ಧಡೂತಿ ಆಸಾಮಿ ಕೌಂಟರಿನ ಮುಂದೆ ನಿಂತು ಗೊರಗೊರ ಅಭ್ಯಾಸ ಮಾಡಿದ.

ಸೋಮವಾರ ಬಂದ.

"ಹತ್ರ ಬಂದ್ಲಾ?"

"ಬಂದ್ಲು ಮೇಡಂ. ಪಕ್ಕದಲ್ಲೇ ಕೂತ್ಲು."

"ನಾನು ಹೇಳ್ಲಿಲ್ವಾ!" ಎಂದು ಚಪ್ಪಾಳೆ ತಟ್ಟಿದೆ.

"ಪುಸ್ತಕ ಅವಳಿಗೆ ಆಗ್ಲೇ ಬಾಯಿಪಾಠ. ನಾನು ಮೊಸಳೆ ದನಿ ತೆಗೆದೆ. 'ಹಾಗಲ್ಲ ಅಂಕಲ್, ನಮ್ಮಪ್ಪ ಹೀಗೆ ಮಾಡ್ತಾರೆ' ಅಂತ ಮಾಡಿ ತೋರಿಸಿದ್ಲು. ಥೇಟ್ ನೀವು ಹೇಳಿಕೊಟ್ಟ ಹಾಗೆ."

ನನಗೆ ಆಗ ನೆನಪಾಯಿತು. ಆರು ತಿಂಗಳ ಹಿಂದೆ ಕನ್ನಡಕದ ಒಬ್ಬ ಸಾಧು ಮನುಷ್ಯ ಇದೇ ಕೌಂಟರಿಗೆ ಬಂದು, "ಹೆಂಡತಿಯ ಮೊದಲ ಮದುವೆಯ ಮಗಳು, ನನ್ನ ಜೊತೆ ಮಾತೇ ಆಡಲ್ಲ, ಏನಾದ್ರೂ ಒಳ್ಳೆ ಪುಸ್ತಕ ಹೇಳಿ" ಎಂದಿದ್ದ. ಅವನಿಗೂ ಇದೇ ಪುಸ್ತಕ ಕೊಟ್ಟು ದನಿ ಕಲಿಸಿದವಳು ನಾನೇ. ಇದನ್ನು ಡ್ರೈವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವನು ಮಗಳ ಹೆಸರಿನ ಲೈಬ್ರರಿ ಕಾರ್ಡು ಮೇಜಿನ ಮೇಲಿಟ್ಟ. "ಇದನ್ನ ರದ್ದು ಮಾಡಿ. ದೊಡ್ಡೋರು ಓದೋ ಅಂಥದ್ದು ಏನಾದ್ರೂ ಕೊಡಿ ಮೇಡಂ. ಇಂಥದ್ದೆಲ್ಲ ಆದ್ಮೇಲೆ ಓದೋ ಅಂಥದ್ದು."

ಈ ಕೊನೆಯಿಂದ ಆ ಕೊನೆಯವರೆಗೆ ಕಪಾಟುಗಳನ್ನೆಲ್ಲ ನೋಡಿದೆ. ಎರಡು ಪುಸ್ತಕ ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಟ್ಟೆ.

"ಇಲ್ಲಪ್ಪ," ಎಂದೆ.

"ಇರ್ಲಿ ಬಿಡಿ, ಅಳಬೇಡಿ ಮೇಡಂ," ಎಂದ. "ನೀವಾದ್ರೂ ಏನು ಮಾಡ್ತೀರಿ?"