ನಿಲ್ಲಿಸಿದ ಮದ್ದು

ತೆಂಗಿನ ಬುಡಕ್ಕೆ ಅಕ್ಕಿ ತೊಳೆದ ನೀರು ಸುರಿಯಲು ಬಗ್ಗಿದ ಸಾಧನಾಳಿಗೆ ತರಕಾರಿ ಸಿಪ್ಪೆಗಳ ನಡುವೆ ಕೆಂಪು ಬಿಳಿ ಕ್ಯಾಪ್ಸೂಲುಗಳು ಕಂಡವು. ಒಂದೆರಡಲ್ಲ, ಒಂದು ಹಿಡಿ. ಮಗಳು ತ್ರಿಶಾಳ ಮದ್ದು. ಅವನ್ನು ಆಯ್ದುಕೊಂಡು ಒಳಗೆ ನಡೆದಳು.

ಹದಿಮೂರರ ತ್ರಿಶಾಳದು ಬರೀ ಮುಂಗೋಪ ಎಂದು ನಾರಾವಿ ಊರಿನ ನೆಂಟರೆಲ್ಲ ಬಹುಕಾಲ ತಮಾಷೆ ಮಾಡಿದ್ದರು. ಗಂಜಿ ಬಿಸಿಯಾಯಿತೆಂದು ಬಟ್ಟಲು ಎಸೆದಾಗಲೂ ಅಜ್ಜನ ರಕ್ತ ಎಂದು ನಕ್ಕಿದ್ದರು. ಅವಳು ತನ್ನ ಪುಟ್ಟ ತಮ್ಮ ಅಂಕಿತನ ತಲೆಯನ್ನು ಗೋಡೆಗೆ ಬಡಿದ ಮೇಲೆ ಯಾರೂ ನಗಲಿಲ್ಲ. ಮಂಗಳೂರಿನ ಡಾಕ್ಟರು, ಇದು ಕಾಯಿಲೆ, ಹುಡುಗಿಯ ಕೊಬ್ಬಲ್ಲ ಎಂದರು. ನನ್ನನ್ನು ಕೇಳದೆ ಮದ್ದು ನಿಲ್ಲಿಸಬೇಡಿ ಎಂದು ಒತ್ತಿ ಹೇಳಿದರು.

ಜೈನರ ಈ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ದೂರದ ಶಾಲೆಯಲ್ಲಿ ಟೀಚರ್ ಆದ ಸಾಧನಾ ಬಸ್ಸಿಳಿದು ಬರುವಷ್ಟರಲ್ಲಿ ಮಕ್ಕಳ ಊಟ ಮುಗಿದಿರುತ್ತಿತ್ತು. ಹಾಗಾಗಿ ಮದ್ದು ಕೊಡುವ ಕೆಲಸ ಅತ್ತೆ ಅನಂತಮತಿಯವರದು.

ಕೇಳಿದರೆ ಅತ್ತೆ ಮುಚ್ಚುಮರೆ ಮಾಡಲಿಲ್ಲ. ಕ್ಯಾಪ್ಸೂಲಿನ ಹೊರಗಿನ ಸಿಪ್ಪೆ ಪ್ರಾಣಿಗಳ ಎಲುಬಿನದ್ದೆಂದು ಬಸದಿಯಲ್ಲಿ ಯಾರೋ ಹೇಳಿದ್ದರಂತೆ. ಗಡ್ಡೆಗೆಣಸನ್ನೂ ಮುಟ್ಟದ ಮನೆಯ ಮಗುವಿಗೆ ಅದನ್ನು ಹೇಗೆ ನುಂಗಿಸುವುದು?

"ಅಷ್ಟಮಿಯಿಂದ ನಿಲ್ಲಿಸಿದ್ದೇನೆ, ಹತ್ತು ದಿನ ಆಯಿತು. ಆ ಪಾಪ ಅವಳಿಗೆ ತಟ್ಟುವುದು ಬೇಡ ಅಂತ. ಆಮೇಲೆ ಅವಳದು ಒಂದು ಜೋರು ಮಾತು ಉಂಟಾ, ನೋಡು," ಎಂದರು.

ಮೊಮ್ಮಗಳೆಂದರೆ ಜೀವ ಬಿಡುವ ಹೆಂಗಸು. ಸಾಧನಾಳಿಗೆ ಹೆದರಿಕೆಯಾದದ್ದು ಮಗಳ ಆ ಮೌನಕ್ಕೇ.

ಅಷ್ಟರಲ್ಲಿ ತ್ರಿಶಾ ಕೋಣೆಯಿಂದ ಹೊರಬಂದಳು. ದವಡೆ ಬಿಗಿದಿತ್ತು. ಉಗುರಿನ ಸುತ್ತ ಚರ್ಮ ಕಿತ್ತು ಕಿತ್ತು ರಕ್ತ ಬಂದಿತ್ತು. ಆಡುತ್ತಿದ್ದ ಅಂಕಿತನನ್ನು ಎಳೆದು ತಂದು ಅಜ್ಜಿಯ ಮಡಿಲಲ್ಲಿ ಕೂರಿಸಿದಳು. ಅವನು ಕೊಸರಾಡಿದಾಗ ಅವಳ ಹಿಡಿತ ಬಿಗಿಯಾಯಿತು. ಆಮೇಲೆ ತಾನೇ ಬಿಟ್ಟಳು.

"ಅಮ್ಮ, ಆ ಸಿಟ್ಟು ಮತ್ತೆ ಬರ್ತಾ ಉಂಟು," ಎಂದಳು. "ನಾನು ಒಳಗೆ ಹೋಗ್ತೇನೆ. ನೀನು ಹೊರಗಿನಿಂದ ಚಿಲಕ ಹಾಕು."

ಅನಂತಮತಿಯವರು ಅಂಕಿತನನ್ನು ಅವುಚಿಕೊಂಡರು. ಸಾಧನಾ ಫೋನಿನಲ್ಲಿ ಡಾಕ್ಟರ ನಂಬರು ಒತ್ತಿ ಅತ್ತೆಯ ಕೈಗಿಟ್ಟು, ಮಗಳ ಹಿಂದೆಯೇ ಕೋಣೆಗೆ ನಡೆದು ಒಳಗಿನಿಂದ ಬಾಗಿಲು ಮುಂದೆ ಮಾಡಿದಳು.

"ಅತ್ತೆ, ನೀವು ಚಿಲಕ ಹಾಕಿ."

ಆಮೇಲೆ ಹೊರಗೆ ಆ ಮುದಿ ಕೈ ಚಿಲಕಕ್ಕೆ ತಡಕಾಡಿದ ಸದ್ದು, ಕಬ್ಬಿಣ ಜಾರಿ ಕೂತ ಸದ್ದು. ತ್ರಿಶಾ ಮೂಲೆಗೆ ಹೋಗಿ ಗೋಡೆಗೆ ಒರಗಿ ಕೂತಳು. ಎರಡೂ ಅಂಗೈಗಳನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡಳು.